ಐದು ಲೀಟರಿಗೆ ಒಂದು ಸೋಡಾ ಬಾಟಲಿ

ನ್ಯಾಮತಿಯ ಮುರುಗೇಶಪ್ಪನದು ಗೋಲಿಸೋಡಾ ವ್ಯಾಪಾರ. ಊರೂರಿಗೆ ಸೋಡಾ ಹಾಕಲು ಅವನು ಹರಾಜಿನಲ್ಲಿ ಹಳೆಯದೊಂದು ಜಪಾನಿ ಗಾಡಿ ಹಿಡಿದಿದ್ದ. ಮುಂದೆ ಇಬ್ಬರು ಒತ್ತಿಕೊಂಡು ಕೂರುವಷ್ಟು ಜಾಗ, ಹಿಂದೆ ಮಂಚದಗಲದ ತೊಟ್ಟಿ. ಸವಳಂಗದ ಎಮ್ಮೆಗಳು ಕೂಡ ಅದಕ್ಕೆ ಹೆದರಿ ದಾರಿ ಬಿಡುತ್ತಿರಲಿಲ್ಲ.

ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಿತ್ತು. ಕಡಿಮೆಯಾದರೆ ಎಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ. ಮುರುಗೇಶಪ್ಪ ಕಣ್ಣಳತೆಯಲ್ಲಿ ಸುರಿದು ಒಮ್ಮೆ ಹಾಗೇ ನಿಲ್ಲಿಸಿದ ಮೇಲೆ ಆ ಕೆಲಸ ಹೆಂಡತಿ ಕಸ್ತೂರಮ್ಮನ ಪಾಲಿಗೆ ಬಂತು. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಅವಳೇ ಬೆರೆಸಿದಳು. ಗಾಡಿಯಲ್ಲಿ ಅವಳು ಕೂತದ್ದು ಎರಡೋ ಮೂರೋ ಸಲ. ಆದರೂ ಅದು ಹೊರಟ ಸದ್ದು ಕೇಳಿದಾಗ ತನ್ನದೇನೋ ಊರು ಸುತ್ತಲು ಹೋಯಿತು ಅನಿಸುತ್ತಿತ್ತು.

ಎಂಬತ್ತಮೂರನೇ ಇಸವಿಯಲ್ಲಿ ಮುರುಗೇಶಪ್ಪ ಡೀಸೆಲ್ ಟೆಂಪೋ ಗೊತ್ತು ಮಾಡಿದ. ಡೀಸೆಲ್‌ಗೆ ಯಾರೂ ಏನೂ ಬೆರೆಸಬೇಕಿಲ್ಲ. ಜಪಾನಿ ಗಾಡಿಯನ್ನು ಕೊಂಡು ಒಯ್ಯಲು ಜಗಳೂರಿನಿಂದ ಧರ್ಮಪ್ಪ ಬಂದ.

"ಊರು ಮುಟ್ಟೋದ್ರೊಳಗೆ ಕೆಟ್ರೆ ತಂದು ನಿಮ್ಮ ಬಾಗ್ಲಿಗೇ ನಿಲ್ಸ್ತೀನಿ ನೋಡ್ರಿ."

"ನಿಲ್ಸ್ರಿ ಧರ್ಮಪ್ಪ. ಪೆಟ್ರೋಲಿಗೆ ಒಂಚೂರು ಎಣ್ಣೆ ತೋರ್ಸಿದ್ರೆ ಸಾಕು, ಕುದುರೆ ಹಂಗೆ ಹೋಗ್ತೈತೆ."

ಧರ್ಮಪ್ಪ ಐದು ಲೀಟರಿನ ಕ್ಯಾನಿಗೆ ತೀರ್ಥ ಕೊಟ್ಟಷ್ಟು ಎಣ್ಣೆ ಸುರಿದ.

ಬಾಗಿಲ ಹಿಂದೆ ನಿಂತಿದ್ದ ಕಸ್ತೂರಮ್ಮನಿಗೆ ಎಲ್ಲ ಕಂಡಿತು. ಹೊನ್ನಾಳಿ ದಾಟುವುದರೊಳಗೆ ಗಾಡಿ ನಿಲ್ಲುತ್ತದೆ. ನಿಂತರೆ ಮತ್ತೆ ಇದೇ ಅಂಗಳಕ್ಕೆ ಬರುತ್ತದೆ. ತಾನು ಸುಮ್ಮನಿದ್ದರೆ ಆಯಿತು. ಸುಮ್ಮನಿರುವುದು ಅವಳಿಗೆ ಹೊಸದೂ ಅಲ್ಲ. ಆದರೆ ಅಂದು ಎಂಜಿನ್ ಕಚ್ಚಿಕೊಂಡಾಗಿನ ಕೀರಲು ಸದ್ದು ನೆನಪಾಗಿ ಹಲ್ಲು ಜುಮ್ಮೆಂದಿತು. ಹೊರಗೆ ಬಂದಳು.

"ಅಷ್ಟು ಸಾಲಾಕಿಲ್ಲ ಕಣಣ್ಣ. ಐದು ಲೀಟರಿಗೆ ಒಂದು ಸೋಡಾ ಬಾಟ್ಲಿ, ಕತ್ತಿನ ತನಕ."

"ನೀನು ಒಳಗೆ ನಡಿಯೇ," ಎಂದ ಗಂಡ.

"ನಡೀತೀನಿ, ತಡೀರಿ. ಬೆರೆಸಿದೋಳು ನಾನು."

ಅವಳು ಎಣ್ಣೆ ತುಂಬಿ ಕೊಟ್ಟ ಬಾಟಲಿಯನ್ನು ಧರ್ಮಪ್ಪ ಬಗ್ಗಿಸಿದ. ಗೋಲಿ ಉರುಳಿ ಬಾಯಿಗೆ ಅಡ್ಡ ಕೂತಿತು.

"ಇದೇನಕ್ಕಾ, ನಿಮ್ಮನೆ ಬಾಟ್ಲಿನೂ ಗಂಡಸ್ರ ಮಾತು ಕೇಳಾಕಿಲ್ವಾ?"

"ಗುಳಿ ಇರೋ ಮಗ್ಗಲು ಕೆಳಕ್ಕೆ ಮಾಡ್ರಿ. ಗೋಲಿ ಅಲ್ಲೇ ಕುಂತ್ಕಂತೈತೆ."

ಎಣ್ಣೆ ಸಣ್ಣ ಧಾರೆಯಾಗಿ ಇಳಿಯಿತು. ಬಾಟಲಿಯನ್ನು ಅವಳು ಧರ್ಮಪ್ಪನಿಗೇ ಕೊಟ್ಟುಬಿಟ್ಟಳು.

ಗಾಡಿ ಹೊರಟ ಮೇಲೆ ಮುರುಗೇಶಪ್ಪ ಕೇಳಿದ: "ಈ ಅಳತೆ ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನೀವು ಯಾವಾಗ ಕೇಳಿದ್ರಿ?"

ಗಾಡಿ ಹೊನ್ನಾಳಿ ರಸ್ತೆಗೆ ತಿರುಗುವವರೆಗೂ ಅವಳು ಕಿವಿಗೊಟ್ಟು ನಿಂತಳು. ಸದ್ದು ಎಲ್ಲೂ ತಪ್ಪಲಿಲ್ಲ. ಇನ್ನು ಅದು ವಾಪಸ್ಸು ಬರುವುದಿಲ್ಲ.