ಅಮ್ಮನ ಬೆಂಡೆಗೆ ಕಟ್ಟಿದ ಚಿಂದಿ

ಬೋಳಾರದ ಗುಲಾಬಿಯ ತಾರಸಿಯಲ್ಲಿ ಬೆಂಡೆಕಾಯಿ ವರ್ಷದಿಂದ ವರ್ಷಕ್ಕೆ ಕುಳ್ಳಾಗುತ್ತಿತ್ತು. ಒಂದು ಕಾಲಕ್ಕೆ ಮೊಳದುದ್ದ ಬೆಳೆಯುತ್ತಿದ್ದ ಬಿಳಿ ಬೆಂಡೆ ಅದು. ಎರಡು ಕೊಯ್ದರೆ ಮನೆಮಂದಿಗೆಲ್ಲ ಸಾಂಬಾರು. ಈಗ ನೋಡಿದರೆ ಬೆರಳುದ್ದ, ಅದೂ ಕಿರುಬೆರಳು!

ಬೇರೆ ಯಾವ ಬೆಂಡೆಯಾಗಿದ್ದರೂ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಉರ್ವ ಮಾರ್ಕೆಟಿನಲ್ಲಿ ಬೆಂಡೆಗೇನು ಬರವೇ? ಆದರೆ ಇದು ಅವಳ ಅಮ್ಮನ ಬೆಂಡೆ. ಅಮ್ಮ ತೀರಿಕೊಂಡು, ತವರಿನ ಹಿತ್ತಿಲು ಲೇಔಟ್ ಆದ ಮೇಲೆ ಆ ಬೀಜ ಉಳಿದದ್ದು ಈ ತಾರಸಿಯ ಚೀಲಗಳಲ್ಲಿ ಮಾತ್ರ. ಪ್ರತಿ ಕೃಷ್ಣಾಷ್ಟಮಿಗೆ ಕೊಟ್ಟಾರದಿಂದ ತಂಗಿ ಜಯ ಬರುತ್ತಾಳೆ. ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆಯ ಜೊತೆ ಅಮ್ಮನ ಬೆಂಡೆಯ ಸಾಂಬಾರು ಆಗಲೇಬೇಕು. ಹೋದ ವರ್ಷ ಜಯ ಸೌಟಿನಲ್ಲಿ ಕೆದಕಿ ನೋಡಿ, "ಅಕ್ಕಾ, ಇದು ಅಮ್ಮನ ಬೆಂಡೆಯಾ, ಅಂಗಡಿಯದ್ದಾ?" ಎಂದು ಕೇಳಿಬಿಟ್ಟಿದ್ದಳು. ಗುಲಾಬಿಗೆ ಅಂದಿನಿಂದ ಒಂದೇ ಹೆದರಿಕೆ. ಅಮ್ಮನ ಬೀಜ ತನ್ನ ಕೈಯಲ್ಲೇ ಮುಗಿದು ಹೋದರೆ?

ಮಾಡದ ಉಪಾಯವಿಲ್ಲ. ಹಟ್ಟಿಗೊಬ್ಬರ ತರಿಸಿದಳು, ಮೀನು ತೊಳೆದ ನೀರು ಹೊಯ್ದಳು, ಕೊನೆಗೆ ತಪ್ಪೆಲ್ಲ ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಮ್ಮನದು ಎಂದು ತೀರ್ಮಾನಿಸಿದಳು. ಆ ಪುಣ್ಯಾತಗಿತ್ತಿ ಗೋಡೆಯಾಚೆಯಿಂದ, "ಗುಲಾಬಿಯಕ್ಕಾ, ಎಂತ ಚಂದ ಉಂಟು ನಿಮ್ಮ ಬೆಂಡೆ!" ಎನ್ನುವುದು, ಇಲ್ಲಿ ಬೆಂಡೆ ಒಣಗುವುದು. ದೃಷ್ಟಿಯಲ್ಲದೆ ಮತ್ತೇನು? ಅಮ್ಮನೂ ದೃಷ್ಟಿಗೆಂದು ಬೆಂಡೆ ಗಿಡಕ್ಕೆ ಹಳೇ ಸೀರೆಯ ಕೆಂಪು ಚಿಂದಿ ಕಟ್ಟುತ್ತಿದ್ದಳಲ್ಲ! ಗುಲಾಬಿಯೂ ವರ್ಷ ತಪ್ಪದೆ ಪ್ರತಿ ಗಿಡದ ಕುತ್ತಿಗೆಗೆ ಚಿಂದಿ ಕಟ್ಟುತ್ತಿದ್ದಳು. ತಾರಸಿ ನೋಡಿದವರಿಗೆ ಇಲ್ಲೇನೋ ಚುನಾವಣೆ ನಡೆಯುತ್ತಿದೆ ಎನಿಸಬೇಕು.

ಹಾಗೆಂದು ಗ್ಲ್ಯಾಡಿಸ್‌ಗೆ ಬೆಂಡೆ ಕೊಡುವುದನ್ನು ಬಿಟ್ಟಳೇ? ಅದೆಲ್ಲಿಯ ಮಾತು! ಕೊಡುವುದರಲ್ಲಿ ಗುಲಾಬಿಯದು ದೊಡ್ಡ ಕೈ. ಗಿಡದ ಮೊದಲ ಉದ್ದನೆಯ ಕಾಯಿ ಮಂಗಳಾದೇವಿಗೆ. ಆಮೇಲಿನ ಚಂದದವು ತೆನೆ ಹಬ್ಬದ ಅಡುಗೆಗೆಂದು ಗ್ಲ್ಯಾಡಿಸ್‌ಗೆ, ಮತ್ತೆ ಬಂದವರಿಗೆ, ಹೋದವರಿಗೆ. ಸೊಟ್ಟಗಿದ್ದದ್ದು, ಎಲೆಯ ಮರೆಯಲ್ಲಿ ಕಣ್ಣು ತಪ್ಪಿಸಿ ಬಲಿತು ನಾರಾದದ್ದು ಮನೆಗೆ. ಅದು ಬೇಯುವುದಿಲ್ಲವೆಂದು ಒಣಗಿಸಿ ಬೀಜ ಮಾಡುತ್ತಿದ್ದಳು.

ಆಟಿ ತಿಂಗಳು ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಸಂಜೆ, ಸೊಸೆ ಮನ್ವಿತಾ ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಾರ್ಕೆಟಿಗೆ ಹೋಗಿದ್ದಳು. ಮನ್ವಿತಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಇಬ್ಬರೂ ಗಾಡಿಯವನಿಂದ ಸುಟ್ಟ ಮೆಕ್ಕೆಜೋಳ ಕೊಂಡು, ಉಪ್ಪು ಖಾರ ನಿಂಬೆ ತಿಕ್ಕಿಸಿಕೊಂಡು ಕಡಿಯುತ್ತ ನಿಂತಿದ್ದರು. ಮನ್ವಿತಾಳ ಬಾಯಿ ಸುಮ್ಮನಿರಬೇಕಲ್ಲ! ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು.

"ಅತ್ತೆ, ನೋಡಿ. ಈ ಜೋಳದ ಅಜ್ಜ."

"ಇದು ಹುಲ್ಲಲ್ಲವಾ ಮಾರಾಯ್ತಿ! ಇದರಲ್ಲಿ ತಿನ್ನಲಿಕ್ಕೆ ಎಂತ ಉಂಟು?"

"ಹುಲ್ಲೇ. ನಾಲ್ಕು ಕಾಳು, ಅದೂ ಕಲ್ಲಿನ ಹಾಗೆ. ಮೆಕ್ಸಿಕೋ ಕಡೆಯ ಜನ ಅದರಲ್ಲೇ ಒಳ್ಳೆ ತೆನೆ ಯಾವುದು ಅಂತ ನೋಡಿ, ಅದನ್ನು ಬೀಜಕ್ಕೆ ಇಟ್ಟರು. ಮರುವರ್ಷ ಬಂದದ್ದರಲ್ಲಿ ಇನ್ನೂ ಒಳ್ಳೆಯದನ್ನು ಇಟ್ಟರು. ಹೀಗೆ ಸಾವಿರಾರು ವರ್ಷ."

"ಒಳ್ಳೆಯದನ್ನು ತಿನ್ನಲಿಲ್ಲವಾ ಅವರು?"

"ತಿಂದಿದ್ದರೆ ನಾವು ಈಗ ಹುಲ್ಲು ಜಗಿಯಬೇಕಿತ್ತು ಅತ್ತೆ!"

ಗುಲಾಬಿಯ ಬಾಯಿಯಲ್ಲಿದ್ದ ಕಾಳು ಅಲ್ಲೇ ನಿಂತಿತು. ಒಳ್ಳೆಯದು ದೇವಿಗೆ, ಒಳ್ಳೆಯದು ಗ್ಲ್ಯಾಡಿಸ್‌ಗೆ, ಸೊಟ್ಟದ್ದು ಬೀಜಕ್ಕೆ. ಅಯ್ಯೋ ದೇವರೇ! ಆಗ ನೆನಪಾಯಿತು, ಅಮ್ಮ ಚಿಂದಿ ಕಟ್ಟುತ್ತಿದ್ದದ್ದು ಗಿಡದ ಕುತ್ತಿಗೆಗಲ್ಲ, ಕಾಯಿಯ ತೊಟ್ಟಿಗೆ. ಎಲ್ಲಕ್ಕಿಂತ ಉದ್ದದ ಕಾಯಿಯ ತೊಟ್ಟಿಗೆ. ಮಕ್ಕಳು ಅತ್ತ ಕೈ ಚಾಚಿದರೆ ಪಟಾರನೆ ಒಂದು ಬೀಳುತ್ತಿತ್ತು. ದೃಷ್ಟಿಗಂತೆ ದೃಷ್ಟಿಗೆ! ಬೀಜದ ಕಾಯಿಗೆ ಕಾವಲು ಅದು. ಬಡಪಾಯಿ ಗ್ಲ್ಯಾಡಿಸ್ ಮೇಲೆ ಇಷ್ಟು ವರ್ಷ ಸುಮ್ಮನೆ ಗೂಬೆ ಕೂರಿಸಿದ್ದಾಯಿತು.

"ಸ್ಕೂಟರ್ ತಿರುಗಿಸು," ಎಂದಳು ಗುಲಾಬಿ.

"ತರಕಾರಿ?"

"ತರಕಾರಿ ಅಲ್ಲಿರಲಿ, ನಡಿ ಮಗಾ!"

ಮನೆಗೆ ಬಂದವಳೇ ಸೀದಾ ತಾರಸಿಗೆ ಹತ್ತಿದಳು. ಗಿಡಗಿಡವನ್ನೂ ತಡಕಿದಳು. ಎಲ್ಲ ಕುಳ್ಳುಗಳೇ. ನೀರಿನ ಟ್ಯಾಂಕಿನ ಹಿಂದಿನ ಚೀಲದಲ್ಲಿ ಮಾತ್ರ, ತಡವಾಗಿ ಎದ್ದ ಒಂದು ಗಿಡದಲ್ಲಿ, ಒಂದು ಎಳೆಗಾಯಿ ಗೇಣುದ್ದ ಬೆಳೆದಿತ್ತು. ಅಮ್ಮನ ಬೆಂಡೆಯ ಅದೇ ಹಾಲು ಬಣ್ಣ. ಗುಲಾಬಿಗೆ ಅಳುವೇ ಬಂತು. ಕೆಂಪು ಚಿಂದಿ ಬಿಚ್ಚಿ ಆ ಕಾಯಿಯ ತೊಟ್ಟಿಗೆ ಕಟ್ಟಿದಳು.

ಈಗ ಅದನ್ನು ಕಾಯಬೇಕಲ್ಲ, ಅದು ಬೇರೆ ತಲೆಬಿಸಿ. ಆ ವಾರ ಮಂಗಳಾದೇವಿಯ ದೇವಸ್ಥಾನಕ್ಕೆ ಬರೀ ಹೂ ಕೊಂಡು ಹೋಗಿ, "ಅಮ್ಮಾ, ಬರುವ ವರ್ಷ ಬಡ್ಡಿ ಸಮೇತ ಕೊಡ್ತೇನೆ," ಎಂದು ಕೈ ಮುಗಿದು ಬಂದಳು.

ಅಷ್ಟಮಿಯ ಬೆಳಿಗ್ಗೆ ಜಯ ಬಂದಳು. ಅಕ್ಕ ಮೂಡೆ ಬೇಯಿಸುವುದರಲ್ಲಿದ್ದಾಳೆಂದು ತರಕಾರಿ ಕತ್ತಿ ಹಿಡಿದು ತಾನೇ ತಾರಸಿಗೆ ನಡೆದಳು. ಅದು ತಿಳಿದದ್ದೇ ಗುಲಾಬಿ ಒಲೆ ಬಿಟ್ಟು, ಮಂಡಿನೋವು ಮರೆತು ಓಡಿದಳು.

ಜಯ ಟ್ಯಾಂಕಿನ ಹಿಂದೆ ನಿಂತಿದ್ದಳು. "ಅಕ್ಕಾ, ನೋಡು! ಅಮ್ಮನ ಬೆಂಡೆ! ಇದೊಂದೇ ಸಾಕು ಸಾಂಬಾರಿಗೆ," ಎಂದು ಕೈ ಚಾಚಿದಳು.

ಪಟಾರನೆ ಬಿತ್ತು ಏಟು. ಬಂದವರಿಗೆ ಯಾವತ್ತೂ ಇಲ್ಲ ಎನ್ನದ ಗುಲಾಬಿ, ಹಬ್ಬಕ್ಕೆ ಬಂದ ತಂಗಿಯ ಕೈಗೆ ಹೊಡೆದಿದ್ದಳು.

"ಮುಟ್ಟಿದರೆ ಜಾಗ್ರತೆ! ಅದು ಬೀಜಕ್ಕೆ!"

ಜಯ ಕೈಯನ್ನೊಮ್ಮೆ, ಕೆಂಪು ಚಿಂದಿಯನ್ನೊಮ್ಮೆ ನೋಡಿದಳು. "ಅಕ್ಕಾ, ಈ ಚಿಂದಿ ದೃಷ್ಟಿಗೆ ಅಲ್ಲವಾ?" ಎಂದಳು ಮೆಲ್ಲಗೆ.

"ನಾನೂ ಹಾಗೇ ತಿಳಿದಿದ್ದೆ ಮಾರಾಯ್ತಿ."

ಜಯಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು. "ಅಮ್ಮ ಇದೇ ಕೈಗೆ ಹೊಡೀತಿದ್ದದ್ದು. ನಿನ್ನ ಸ್ವರವೂ ಹಾಗೇ ಉಂಟು."

ಅಕ್ಕತಂಗಿಯರು ಅಲ್ಲೇ ನಿಂತು ಅತ್ತರು, ನಕ್ಕರು. ಕೆಳಗಿನಿಂದ ಮನ್ವಿತಾ, ಮೂಡೆಯ ಪಾತ್ರೆಯ ನೀರು ಬತ್ತಿತೆಂದು ಕೂಗುತ್ತಿದ್ದಳು.

"ಬೀಜ ಆದ ಮೇಲೆ ನನಗೂ ನಾಲ್ಕು ಕೊಡ್ತೀಯಾ?" ಎಂದು ಕೇಳಿದಳು ಜಯ.

"ಕೊಡ್ತೇನೆ," ಎಂದಳು ಗುಲಾಬಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು. "ಆದರೆ ಚಂದದ ಕಾಯಿ ಕಂಡ ಕೂಡಲೇ ಕೊಯ್ದು ತಿಂದೆಯೋ, ಬಸ್ಸು ಹತ್ತಿ ಕೊಟ್ಟಾರಕ್ಕೆ ಬಂದು ಹೊಡೀತೇನೆ."