ಮೇಲಿನ ಓಣಿಯ ಮತಗಳು

ಎರಡನೆಯ ಮತಗಟ್ಟೆಯ ಅಂಕಿಯನ್ನು ಅಧಿಕಾರಿ ಓದಿದಾಗ ತಾನೇ ತಪ್ಪು ಕೇಳಿಸಿಕೊಂಡೆನೇನೋ ಎಂದು ಸಕ್ರಪ್ಪ ಪಕ್ಕದವನ ಮುಖ ನೋಡಿದ. ಮೊದಲ ಮತಗಟ್ಟೆ ಬೆಟಗೇರಿಯ ಕೆಳಗಿನ ಓಣಿಯದು. ಅಲ್ಲಿ ಅವನಿಗೆ ನೂರಾ ಎಂಟು ಮತ ಹೆಚ್ಚು ಬಿದ್ದಿದ್ದವು. ಎರಡನೆಯದು ಅವನ ಮನೆಯೇ ಇರುವ ಮೇಲಿನ ಓಣಿಯದು. ಅಲ್ಲಿ ಆ ನೂರಾ ಎಂಟೂ ಕರಗಿ, ಅದರ ಮೇಲೆ ಹದಿನಾರು ಮತಗಳಿಂದ ಅವನು ಸೋತಿದ್ದ.

ಗೆದ್ದವಳು ಶೃತಿ. ಅದೇ ಮೇಲಿನ ಓಣಿಯ ಕೊನೆಯ ಮನೆಯಲ್ಲಿ ಹೊಲಿಗೆ ಕಲಿಸುವ ಹುಡುಗಿ. ಕೊರಳಲ್ಲಿ ಹಾರ ಹಾಕಿಕೊಂಡೇ ಬಂದು, “ಕಾಕಾ, ಆಶೀರ್ವಾದ ಮಾಡ್ರಿ” ಎಂದು ಕಾಲಿಗೆ ಬಗ್ಗಿದಳು. ಸಕ್ರಪ್ಪ ಅವಳ ತಲೆಯ ಮೇಲೆ ಕೈಯಿಟ್ಟ.

ಹದಿನೈದು ವರ್ಷ, ಮೂರು ಸಲ ಅವನು ನಗರಸಭೆಯ ಸದಸ್ಯ. ಅದಕ್ಕೂ ಮೊದಲು ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕೂತು ಸೀರೆ ನೇಯುತ್ತಿದ್ದ. ಒಂದು ಬೇಸಿಗೆ ಕೆಳಗಿನ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ನಗರಸಭೆಯ ಬಾಗಿಲಿಗೆ ಹೊರಟಾಗ ಅವರ ಮುಂದೆ ನಡೆದವನು, ಆಮೇಲೆ ಮಗ್ಗಕ್ಕೆ ಮರಳಲೇ ಇಲ್ಲ. ವಾರ್ಡಿಗೆ ನೀರು ಬರುವುದು ಒಂಬತ್ತು ದಿನಕ್ಕೊಮ್ಮೆ. ಎರಡೂ ಓಣಿಗೆ ಒಟ್ಟಿಗೆ ಬಿಟ್ಟರೆ ಎಲ್ಲಿಯೂ ಏರುವುದಿಲ್ಲ. ಮೊದಲು ಬಿಟ್ಟ ಓಣಿಗೆ ರಭಸದಿಂದ ಬರುತ್ತದೆ, ಆಮೇಲಿನವರಿಗೆ ದಾರದೆಳೆಯಂತೆ. ಸಕ್ರಪ್ಪ ಮೊದಲ ದಿನದಿಂದಲೂ ತಾನೇ ವಾಲ್ವಿನ ಹತ್ತಿರ ನಿಂತು ಕೆಳಗಿನ ಓಣಿಗೇ ಮೊದಲು ಬಿಡಿಸಿದ. ತನ್ನ ಮನೆಯ ನಳಕ್ಕೆ ಕಡೆಗೆ ನೀರು ತರಿಸಿಕೊಳ್ಳುವ ಮೆಂಬರ್ ಇವನೊಬ್ಬನೇ ಎಂದು ಊರು ಹೊಗಳುತ್ತಿತ್ತು. ಭಾಷಣಗಳಲ್ಲಿ ಅವನೂ ಅದನ್ನು ಹೇಳಿಕೊಳ್ಳುತ್ತಿದ್ದ.

ಯಾರ ಗಾಡಿಯನ್ನೂ ಹತ್ತದೆ ನಡೆದೇ ಮನೆಗೆ ಬಂದ. ಹೆಂಡತಿ ದೇವವ್ವ ರೊಟ್ಟಿ ಬಡಿಯುತ್ತಿದ್ದಳು. ಖಬರು ಅವಳಿಗೆ ಆಗಲೇ ಮುಟ್ಟಿತ್ತು.

“ಕೆಳಗಿನವರು ಕೈ ಬಿಡಲಿಲ್ಲ” ಎಂದ. “ನಮ್ಮ ಓಣ್ಯಾವರಽ ಬಿಟ್ಟರು ನೋಡು.”

“ಗೊತ್ತಿತ್ತು.”

“ಗೊತ್ತಿದ್ರ ಹೇಳಬಾರದಿತ್ತೇನು?”

ದೇವವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಎಷ್ಟ ಸಲ ಹೇಳ್ಲಿ? ನೀವು ಅಲ್ಲೆ ವಾಲ್ವ್ ಕಾಯ್ಕೊಂತ ನಿಂತಿರ್ತಿದ್ರಿ. ಇಲ್ಲೆ ನಳದ ಮುಂದ ಕುಂತಾಕಿ ನಾನು. ಆಜೂಬಾಜೂ ಹೆಣ್ಮಕ್ಕಳು ಅಂದಿದ್ದೆಲ್ಲಾ ನಾನಽ ಕೇಳಬೇಕಾಗಿತ್ತು.”

“ನನ್ನ ಓಣಿಗೆ ಮೊದಲ ಬಿಟ್ಟಿದ್ರ ಜನಾ ಏನಂತಿದ್ರು? ನ್ಯಾಯ ಅಂತ ಒಂದು ಇರ್ತೈತೋ ಇಲ್ಲೋ?”

“ನ್ಯಾಯಕ್ಕ ಬಿಟ್ರೋ ಓಟಿಗೆ ಬಿಟ್ರೋ, ನಿಮಗಽ ಗೊತ್ತು.”

ನೀನು ಯಾರಿಗೆ ಹಾಕಿದೆ ಎಂಬ ಪ್ರಶ್ನೆ ಗಂಟಲಿನವರೆಗೆ ಬಂತು. ಅವಳು ತಾಟಿನಲ್ಲಿ ರೊಟ್ಟಿ ಇಟ್ಟು, ಪುಂಡಿಪಲ್ಲೆ ಬಡಿಸಿ, ಅವನನ್ನೇ ನೋಡಿದಳು. ಸಕ್ರಪ್ಪ ತಲೆ ತಗ್ಗಿಸಿ ಉಂಡೆದ್ದ.

ಆರನೆಯ ದಿನ ಬೆಳಿಗ್ಗೆ ಫೋನು ಬಂತು. ವಾರ್ಡಿಗೆ ನೀರು ಬಿಡುವ ಗುಡುಸಾಬ.

“ಮೆಂಬರ್ರ, ಜಲ್ದಿ ಬರ್ರಿ” ಎಂದವನು ನಾಲಿಗೆ ಕಚ್ಚಿಕೊಂಡ. “ತಪ್ಪಾತ್ರಿ. ರೂಢಿ ನೋಡ್ರಿ. ಇಲ್ಲೆ ಎರಡೂ ಓಣ್ಯಾವರು ಜಗಳಕ್ಕ ನಿಂತಾರ. ಮೊದಲ ಯಾರಿಗೆ ಬಿಡಬೇಕಂತ. ಆ ತಂಗಿ ಒಬ್ಬಾಕಿನಽ ಅದಾಳ್ರಿ ನಡುವ.”

ಸಕ್ರಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ತಡೆದು ನಿಂತ. ಹೋಗದಿದ್ದರೂ ಆಗುತ್ತಿತ್ತು. ಒಂದೇ ಬೆಳಗಿನಲ್ಲಿ ಹುಡುಗಿಯ ಹೆಸರು ಕೆಡುತ್ತಿತ್ತು. ಆ ಯೋಚನೆ ರುಚಿಯಾಗಿಯೇ ಇತ್ತು. ಆದರೂ ಚಪ್ಪಲಿ ಮೆಟ್ಟಿದ.

ವಾಲ್ವಿನ ಗುಂಡಿಯ ಸುತ್ತ ಕೊಡಗಳೂ ಹೆಂಗಸರೂ ತುಂಬಿದ್ದರು. ಶೃತಿಯ ಮುಖ ಬೆವತಿತ್ತು. “ನಿನ್ನ ಆರಿಸಿದವರು ನಾವು” ಎಂದು ಮೇಲಿನವರು ಅವಳ ತೋಳು ಹಿಡಿದಿದ್ದರು. ಕೆಳಗಿನ ಓಣಿಯ ಮುದುಕಿ ಮೋತಿಬಿ, ಹಿಂದೆ ನಗರಸಭೆಯ ಬಾಗಿಲಲ್ಲಿ ಅವನ ಜೊತೆ ಕೂತವಳು, ಕೈ ಎತ್ತಿ ಕೂಗಿದಳು.

“ಸಕ್ರಪ್ಪಣ್ಣಾ, ನೀವಽ ಹೇಳ್ರಿ. ಮೊದಲ ಯಾರಿಗೆ ಬರ್ತಿತ್ತು?”

ಎಲ್ಲರೂ ಅವನತ್ತ ತಿರುಗಿದರು. ನಿಮಗೇ ಎಂದು ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ವಾರ್ಡು ಆ ಕ್ಷಣವೇ ಮತ್ತೆ ಅವನದು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ನಿಮಗಽ ಬರ್ತಿತ್ತು ಮೋತಿಬಿ. ಹದಿನೈದು ವರ್ಷ ನಿಮಗಽ. ಪಾಳಿ ಹಚ್ಚಬೇಕಿತ್ತು. ಒಮ್ಮೆ ನಿಮಗ, ಒಮ್ಮೆ ಮ್ಯಾಲಿನವರಿಗೆ. ನಾ ಹಚ್ಚಲಿಲ್ಲ.”

“ಯಾಕ ಕಾಕಾ?” ಎಂದಳು ಶೃತಿ, ಮೆಲ್ಲಗೆ.

“ಕೆಳಗ ಓಟು ಹೆಚ್ಚಿದ್ವು.”

ಮೋತಿಬಿ ಎತ್ತಿದ ಕೈ ಇಳಿಸಿದಳು. “ನಮ್ಮ ಮ್ಯಾಲಿನ ಪ್ರೀತಿಗೆ ಬಿಡ್ತೀರಿ ಅಂತ ತಿಳಿದಿದ್ವೆಪ್ಪಾ ನಾವು” ಎಂದಳು.

“ಅದೂ ಇತ್ತು” ಎಂದ ಸಕ್ರಪ್ಪ. ಅವಳು ನಂಬಿದಳೋ ಇಲ್ಲವೋ, ಕೊಡವನ್ನು ಸೊಂಟಕ್ಕೇರಿಸಿ ಪಕ್ಕಕ್ಕೆ ಸರಿದಳು.

ಶೃತಿ ಹಿಡಿದವರಿಂದ ತೋಳು ಬಿಡಿಸಿಕೊಂಡಳು. “ಇವತ್ತು ಮ್ಯಾಲಿನವರಿಗೆ. ಮುಂದಿನ ಸಲ ಕೆಳಗಿನವರಿಗೆ. ಬರದು ಗ್ವಾಡಿಗೆ ಹಚ್ಚತೀನಿ” ಎಂದಳು. ಗುಡುಸಾಬ ರೂಢಿಯಂತೆ ಸಕ್ರಪ್ಪನ ಮುಖ ನೋಡಿ, ಆಮೇಲೆ ಅವಳತ್ತ ತಿರುಗಿ, ಗುಂಡಿಗಿಳಿದ.

ಸಕ್ರಪ್ಪ ಏರು ಹತ್ತಿ ಮನೆಗೆ ಬರುವಷ್ಟರಲ್ಲಿ ಓಣಿಯ ನಳಗಳೆಲ್ಲ ಸದ್ದು ಮಾಡುತ್ತಿದ್ದವು. ಅಂಗಳದಲ್ಲಿ ದೇವವ್ವ ಒಬ್ಬಳೇ ಓಡಾಡುತ್ತಿದ್ದಳು. ನೀರಿನ ಹೊತ್ತಿನಲ್ಲಿ ಅವನು ಎಂದೂ ಮನೆಯಲ್ಲಿ ಇದ್ದವನಲ್ಲ. ಧೋತರ ಎತ್ತಿ ಕಟ್ಟಿ, ಅವಳ ಕೈಯಿಂದ ಪೈಪು ಇಸಿದುಕೊಂಡು ಹತ್ತಿರವಿದ್ದ ಕೊಡಕ್ಕೆ ಹಿಡಿದ.

“ಅದಕ್ಕಲ್ಲ” ಎಂದಳು ದೇವವ್ವ. “ಮೊದಲ ಹಂಡೇಕ್ಕ.”

ಅವನು ಪೈಪು ಎತ್ತಿ ಹಂಡೆಯತ್ತ ತಿರುಗಿಸಿದ.