ನೆಲದಡಿಯ ಪಾಲು

ನಮ್ಮ ಮನೆಯಲ್ಲಿ ಒಂದು ಕೋಣೆಗೆ ಮಾತ್ರ ಚಿಲಕ ಹೊರಗಡೆ ಇತ್ತು. ದಪ್ಪ ಕಬ್ಬಿಣದ್ದು; ಎಳೆದರೆ ಇಡೀ ನಡುಮನೆಗೆ ಕೇಳುವಂತೆ ಕಿರುಗುಟ್ಟುತ್ತಿತ್ತು. ಒಳಗೆ ಜೋಳದ ಚೀಲಗಳಿದ್ದವು. ಅದೇಕೆ ಹಾಗೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಮ್ಮ, ಇಲಿಗಳ ಕಾಟ ಎಂದಿದ್ದಳು.

ಹೊಲಗಳನ್ನೆಲ್ಲ ಅಪ್ಪ ಮಾರಿ ಮುಗಿಸಿದ್ದರು. ಉಳಿದದ್ದು ಮನೆ, ಹಿತ್ತಿಲು. ಆದರೆ ತಾತನಿಗೆ ಅರಮನೆಯಿಂದ ಸಿಕ್ಕ ಸನದಿನ ಪ್ರಕಾರ ಆ ಎಲ್ಲ ನೆಲದ ಅಡಿಯಲ್ಲಿ ಏನು ಸಿಕ್ಕರೂ ಅದು ಅವರ ಮಕ್ಕಳದ್ದು. ಎಣ್ಣೆ, ಅನಿಲ ಹುಡುಕುವ ಕಂಪನಿಯವರು ಗುತ್ತಿಗೆ ಕೇಳಿಕೊಂಡು ಬಂದಾಗ ಅಪ್ಪ ಮತ್ತೆ ಊರಿನ ದೊಡ್ಡ ಮನುಷ್ಯರಂತೆ ನಡೆಯತೊಡಗಿದರು. ಒಂದೇ ತೊಡಕೆಂದರೆ ಅವರ ತಂಗಿ ನೀಲಾಂಬಿಕೆಯ ರುಜುವೂ ಬೇಕಿತ್ತು. ನನಗೊಬ್ಬ ಸೋದರತ್ತೆ ಇದ್ದಾರೆಂದು ಗೊತ್ತಾದದ್ದೇ ಆಗ. ಬುದ್ಧಿ ಸರಿಯಿಲ್ಲದೆ ಮನೆ ಬಿಟ್ಟು ಹೋದವರು ಎಂದು ಅಮ್ಮ ಹೇಳಿದಳು.

ಅಪ್ಪ ಸೀರೆ, ಹಣ್ಣು ಹಿಡಿದು ತಾವೇ ಹೋಗಿ ಕರೆತಂದರು. ಪಕ್ಕದೂರಿನಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದ ಅತ್ತೆಯಲ್ಲಿ ಬುದ್ಧಿ ಕೆಟ್ಟ ಲಕ್ಷಣವೇನೂ ನನಗೆ ಕಾಣಲಿಲ್ಲ. ಕಂಪನಿಯ ಅಧಿಕಾರಿ ಓದಿದ್ದನ್ನೆಲ್ಲ ಗಮನವಿಟ್ಟು ಕೇಳಿ, ಬಾವಿ ಎಲ್ಲಿ ಕೊರೆಯುತ್ತೀರಿ ಎಂದು ವಿಚಾರಿಸಿದರು. ಹಿತ್ತಿಲಲ್ಲಿ ಎಂದರು ಅಧಿಕಾರಿ.

ಅತ್ತೆ ಎದ್ದು ಹೋಗಿ ಆ ಚಿಲಕ ಎಳೆದರು. ಅಪ್ಪ ತಲೆ ತಗ್ಗಿಸಿದರು.

"ಇಲ್ಲಿ ಕೊರೀರಿ. ಹಾಗಾದ್ರೆ ರುಜು ಹಾಕ್ತೀನಿ," ಎಂದರು ಅತ್ತೆ.

ತಮಗೆ ಎಲ್ಲಾದರೂ ಒಂದೇ, ಆದರೆ ಮನೆಯನ್ನೇ ಕೆಡವಬೇಕಾಗುತ್ತದೆ ಎಂದರು ಅಧಿಕಾರಿ. ಕೆಡವಿ ಎಂದರು ಅತ್ತೆ. ಆಮೇಲೆ, ಬಟ್ಟೆಯ ಅಳತೆ ಹೇಳುವ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಬೇರೆ ಜಾತಿಯ ಮೇಷ್ಟರನ್ನು ಮದುವೆಯಾಗುತ್ತೇನೆ ಎಂದದ್ದಕ್ಕೆ ಅಣ್ಣ ತನ್ನನ್ನು ವರ್ಷಗಟ್ಟಲೆ ಆ ಕೋಣೆಯೊಳಗೆ ಕೂಡಿಹಾಕಿದ್ದು. ತಾಯಿಯ ಹೆಣ ಎತ್ತುವ ಗಡಿಬಿಡಿಯಲ್ಲಿ ಯಾರೋ ಚಿಲಕ ಹಾಕಲು ಮರೆತದ್ದು. ಹೊರಗೆ ಬಂದಾಗ ಮೇಷ್ಟರು ಊರಲ್ಲಿರಲಿಲ್ಲ.

"ಆಗ ನಾನೂ ಚಿಕ್ಕವನಿದ್ದೆ, ನೀಲಾ," ಎಂದರು ಅಪ್ಪ.

"ನಾನು ನಿನಗಿಂತ ಚಿಕ್ಕವಳಿದ್ದೆ, ಅಣ್ಣ."

ಬೇಡ ಎನ್ನಲು ಅಪ್ಪನಿಗೆ ಅವಕಾಶವಿತ್ತು. ಸ್ವಲ್ಪ ಹೊತ್ತು ಜಂತೆ ನೋಡುತ್ತ ಕೂತರು. ಇದಕ್ಕಿಂತ ದೊಡ್ಡ ಮನೆ ಕಟ್ಟಿಸಿದರಾಯಿತು ಎಂದು ತಮಗೆ ತಾವೇ ಹೇಳಿಕೊಂಡು ರುಜು ಹಾಕಿದರು. ಅಮ್ಮನನ್ನು ಯಾರೂ ಕೇಳಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಅಟ್ಟದ ಪಾತ್ರೆಗಳನ್ನು ಇಳಿಸತೊಡಗಿದಳು.

ಮನೆ ಕೆಡವಿದ ದಿನ ಅತ್ತೆ ಬಂದು, ಕೊನೆಯ ಗೋಡೆ ಬೀಳುವತನಕ ಬೇವಿನ ನೆರಳಲ್ಲಿ ಕೂತಿದ್ದರು. ಅಮ್ಮ ನೀರು ಕೊಟ್ಟಾಗ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ ಎಂದರು.

"ನನ್ನ ಮನೇನೂ ಇದೇ ಆಗಿತ್ತು," ಎಂದಳು ಅಮ್ಮ.

ಅತ್ತೆ ನೀರು ಕುಡಿದು ಲೋಟ ಹಿಂದಿರುಗಿಸಿದರು.

ಕೊರೆದಷ್ಟೂ ಉಪ್ಪುನೀರು ಬಂತು. ಹುಟ್ಟುವಳಿ ಇದ್ದರಷ್ಟೇ ಪಾಲು ಎಂಬುದು ಗುತ್ತಿಗೆಯ ಕರಾರು. ಕಂಪನಿಯವರು ಬಾವಿಯ ಬಾಯಿಗೆ ಕಾಂಕ್ರೀಟು ಸುರಿದು, ಯಂತ್ರ ಬಿಚ್ಚಿಕೊಂಡು ಹೋದರು. ನಾವು ಎದುರು ಸಾಲಿನಲ್ಲೊಂದು ಬಾಡಿಗೆ ಮನೆ ಸೇರಿದೆವು. ಅತ್ತೆ ಮತ್ತೆ ಬರಲಿಲ್ಲ.

ಬೇಸಿಗೆಯಲ್ಲಿ ಆ ಕಾಂಕ್ರೀಟು ಚೆನ್ನಾಗಿ ಕಾಯುತ್ತಿತ್ತು. ಕೇರಿಯ ಹೆಂಗಸರು ಅದರ ಮೇಲೆ ಸಂಡಿಗೆ ಇಟ್ಟು, "ಕಾಗೆ ಬಂದ್ರೆ ಸ್ವಲ್ಪ ನೋಡ್ಕೊಳ್ಳಿ, ಯಜಮಾನ್ರೇ," ಎಂದು ಅಪ್ಪನಿಗೆ ಹೇಳಿ ಹೋಗುತ್ತಿದ್ದರು. ಅಪ್ಪ ಜಗಲಿಯ ಮೇಲೆ ಕೋಲು ಹಿಡಿದು ಬಿಸಿಲು ಇಳಿಯುವತನಕ ಕೂತಿರುತ್ತಿದ್ದರು.